ನೋವಿರುವುದು ಬೆನ್ನಲ್ಲೋ, ಸೊಂಟದ ಕೀಲಲ್ಲೋ?

"ನೋವು ಎಲ್ಲೈತಿ ಮಾವಶಿ? ಬೆರಳಿಟ್ಟು ತೋರಸ್ರಿ" ಎಂದರು ಫಿಸಿಯೋಥೆರಪಿಸ್ಟ್.

ನನ್ನ ಖಾಲಾ ತಲೆಯ ಮೇಲಿನ ಸೆರಗು ಸರಿಪಡಿಸಿಕೊಂಡರು. ಕೈಯನ್ನು ಹಿಂದಕ್ಕೆ ಒಯ್ದು ಬೆನ್ನಿನ ಕೆಳಭಾಗವನ್ನೆಲ್ಲ ಒಮ್ಮೆ ಸವರಿದರು. "ನಡಾ ರೀ ಬಾಯಾರ. ನಾಕ ವರ್ಷ ಆತು."

ಆಕೆ ಅಷ್ಟಕ್ಕೆ ಬರೆದುಕೊಳ್ಳಲಿಲ್ಲ. ಪಕ್ಕದಲ್ಲಿ ನಿಂತಿದ್ದ ಖಾಲಾನ ಮಗನಿಗೆ ಹೊರಗೆ ಕೂತಿರಲು ಹೇಳಿದರು. ಪರದೆ ಎಳೆದರು. ಗೋಡೆಯ ಮೇಲೆ ತೂಗು ಹಾಕಿದ್ದ ಎಲುಬಿನ ಚಿತ್ರವನ್ನು ತಂದು ಖಾಲಾನ ತೊಡೆಯ ಮೇಲಿಟ್ಟು, "ಈಗ ಈ ಚಿತ್ರದಾಗ ತೋರಸ್ರಿ. ಇನ್ನೆಲ್ಲೆರೆ ನೋವು ಬರ್ತದೇನು?" ಎಂದು ಕೇಳಿದರು.

ಖಾಲಾ ನನ್ನ ಮುಖ ನೋಡಿದರು, ನೆಲ ನೋಡಿದರು. ಆಮೇಲೆ ಮೆಲ್ಲಗೆ ಚಿತ್ರದ ಮೇಲೆ ಬೆರಳಿಟ್ಟರು. ಅದು ಬೆನ್ನಾಗಿರಲಿಲ್ಲ. ಬಲಗಡೆಯ ತೊಡೆಸಂದು.

"ಇದನ್ನ ಮೊದಲ ಯಾರಿಗರೆ ಹೇಳಿದ್ರೇನ್ರಿ?"

"ಹೆಂಗ ಹೇಳಲಿ ರೀ? ಎಲ್ಲಾ ಗಂಡಸರು. ಮಗಾನೂ ಬಾಜೂಕ ನಿಂತಿರತಿದ್ದ."

ಅಂದು ನನಗೆ ಎದೆ ಧಸಕ್ಕೆಂದಿತು. ನಾಲ್ಕು ವರ್ಷಗಳ ಅಲೆದಾಟದಲ್ಲಿ ಬಹಳಷ್ಟು ದಿನ ಅವರ ಜೊತೆಗಿದ್ದವಳು ನಾನೇ. ನನಗೂ ಅವರು ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ಖಾಲಾ ಇರುವುದು ಹುಕ್ಕೇರಿ ತಾಲೂಕಿನ ದಡ್ಡಿಯಲ್ಲಿ, ಮಹಾರಾಷ್ಟ್ರದ ಗಡಿಯ ಸಮೀಪ. ದಡ್ಡಿ ಎಂದರೆ ನಮ್ಮ ಕಡೆ ದನ, ಕುರಿ ಕೂಡುವ ಜಾಗಕ್ಕೂ ಅದೇ ಹೆಸರು. ಅವರ ಮನೆಯಲ್ಲೂ ಎರಡು ಎಮ್ಮೆಗಳಿದ್ದವು. ಸೆಗಣಿ ಬಾಚುವುದು, ಮೇವು ತರುವುದು, ನೀರು ಹೊರುವುದು, ಕೆಳಗೆ ಕೂತು ರೊಟ್ಟಿ ಬಡಿಯುವುದು ಎಲ್ಲ ಅವರದೇ. ಆ ಭಾಗದವರಿಗೆ ಜಡ್ಡು ಬಂದರೆ ಹೋಗಲು ದಾರಿಗಳು ಹಲವು. ಘಟಪ್ರಭಾದಲ್ಲಿ ಸ್ವಾತಂತ್ರ್ಯಕ್ಕೂ ಮೊದಲಿನಿಂದ ಇರುವ ಕರ್ನಾಟಕ ಹೆಲ್ತ್ ಇನ್‌ಸ್ಟಿಟ್ಯೂಟ್ ಇದೆ. ಬೆಳಗಾವಿಯಲ್ಲಿ ದೊಡ್ಡ ಆಸ್ಪತ್ರೆಗಳಿವೆ. ಗಡಿ ದಾಟಿದರೆ ಗಡಹಿಂಗ್ಲಜ್, ಇನ್ನೂ ಮುಂದೆ ಹೋದರೆ ಮಿರಜ್. ಖಾಲಾ ಎಲ್ಲೆಲ್ಲಿಗೆ ಹೋದರೆಂಬುದನ್ನು ಇಲ್ಲಿ ಹೇಳುವುದಿಲ್ಲ. ಎಲ್ಲ ಕಡೆಯೂ ಅವರು ಒಂದೇ ಮಾತು ಹೇಳಿದರು: "ನಡಾ ಬ್ಯಾನಿ." ಎಲ್ಲ ಕಡೆಯೂ ನಡುವಿಗೇ ಔಷಧ ಸಿಕ್ಕಿತು. ಎಂ.ಆರ್.ಐ. ಆಯಿತು. ನಾಲ್ಕನೆಯ ಮತ್ತು ಐದನೆಯ ಮಣಿಯ ನಡುವೆ ಡಿಸ್ಕ್ ಉಬ್ಬಿದೆ ಎಂದು ಬಂತು. ಬೆಲ್ಟ್ ಬಂತು, ಟ್ರ್ಯಾಕ್ಷನ್ ಬಂತು, ಗುಳಿಗೆಗಳ ಚೀಲ ಬಂತು. ಬಗ್ಗಬೇಡಿ ಎಂದರು, ನೆಲಕ್ಕೆ ಕೂರಬೇಡಿ ಎಂದರು. ಎಮ್ಮೆ ಮಾರಿದರು. ಕೊನೆಗೆ ಒಬ್ಬರು ಬೆನ್ನಿನ ಆಪರೇಶನ್ ಮಾಡಿಸಿಬಿಡಿ ಎಂದಾಗ, ಸೊಸೆಗೆಂದು ಎತ್ತಿಟ್ಟ ಬಳೆಗಳನ್ನು ಒತ್ತೆ ಇಡುವ ಮಾತು ಮನೆಯಲ್ಲಿ ಶುರುವಾಗಿತ್ತು. ಆಪರೇಶನ್‌ಗೆ ಮೊದಲು ಇದೊಂದು ನೋಡೋಣ ಎಂದು ಯಾರೋ ಹೇಳಿದ್ದರಿಂದ ಬೆಳಗಾವಿಯ ಈ ಫಿಸಿಯೋಥೆರಪಿಸ್ಟ್ ಬಳಿಗೆ ಬಂದೆವು. ಮಸಾಜ್ ಮಾಡಿ, ಕರೆಂಟ್ ಕೊಟ್ಟು ಕಳಿಸುತ್ತಾರೆ ಎಂದಷ್ಟೇ ನಾನು ಎಣಿಸಿದ್ದೆ.

ಅವರು ಮೊದಲ ದಿನ ಮಸಾಜೂ ಮಾಡಲಿಲ್ಲ, ಕರೆಂಟೂ ಕೊಡಲಿಲ್ಲ. ಮುಕ್ಕಾಲು ಗಂಟೆ ಬರೀ ಕೇಳಿದರು, ನೋಡಿದರು, ಮುಟ್ಟಿ ಪರೀಕ್ಷಿಸಿದರು.

ಒಂದೇ ಶಬ್ದ, ನಾಲ್ಕು ನೋವು

ನಮ್ಮ ಭಾಷೆಯ ಒಂದು ತೊಡಕನ್ನು ಇಲ್ಲಿ ಹೇಳಲೇಬೇಕು. ಕರಾವಳಿಯವರು ಸೊಂಟ ಎನ್ನುತ್ತಾರೆ, ಹುಕ್ಕೇರಿ-ಗೋಕಾಕದವರು ನಡ, ಟೊಂಕ ಎನ್ನುತ್ತಾರೆ, ಮನೆಯಲ್ಲಿ ನಾವು ಕಮರ್ ಎನ್ನುತ್ತೇವೆ. ಪಕ್ಕೆಲುಬಿನ ಕೆಳಗಿನಿಂದ ತೊಡೆಯ ಬುಡದವರೆಗಿನ ಇಡೀ ಸೀಮೆಗೆ ಈ ಶಬ್ದ ಸಲ್ಲುತ್ತದೆ. ಆದರೆ ಆ ಸೀಮೆಯೊಳಗೆ ಬೇರೆ ಬೇರೆ ಮನೆಗಳಿವೆ.

ನಟ್ಟನಡುವೆ ಬೆನ್ನೆಲುಬಿನ ಕೊನೆಯ ಐದು ಮಣಿಗಳು, ಅವುಗಳ ನಡುವಿನ ಡಿಸ್ಕ್‌ಗಳು, ಅಲ್ಲಿಂದ ಕಾಲಿಗಿಳಿಯುವ ನರಗಳು. ಅದರ ಕೆಳಗೆ ಬೆನ್ನೆಲುಬು ಮತ್ತು ಕಟಿಯ ಎಲುಬು ಕೂಡುವ ಎರಡು ಕೀಲುಗಳು, ಎಡಕ್ಕೊಂದು ಬಲಕ್ಕೊಂದು. ಇನ್ನು ತೊಡೆಯ ಎಲುಬಿನ ಗುಂಡು ಬಂದು ಕಟಿಯ ಬಟ್ಟಲಲ್ಲಿ ಕೂರುವ ಸೊಂಟದ ಕೀಲು. ಇದು ಎಲ್ಲಿದೆ ಎಂದರೆ ನಮ್ಮಲ್ಲಿ ಹೆಚ್ಚಿನವರು ಪಕ್ಕದಲ್ಲಿ ಕೈಗೆ ತಾಗುವ ಗಟ್ಟಿ ಎಲುಬನ್ನು ಮುಟ್ಟುತ್ತಾರೆ. ನಿಜದಲ್ಲಿ ಕೀಲಿರುವುದು ಮುಂಭಾಗದಲ್ಲಿ, ತೊಡೆಸಂದಿನ ಆಳದಲ್ಲಿ. ಪಕ್ಕದ ಆ ಗಟ್ಟಿ ಎಲುಬಿಗೆ ಪೃಷ್ಠದ ಸ್ನಾಯುಗಳ ಹುರಿಗಳು ಬಂದು ಅಂಟಿರುತ್ತವೆ. ಅವೂ ನೋಯುತ್ತವೆ, ಅದು ನಾಲ್ಕನೆಯ ನೋವು.

ಈ ನಾಲ್ಕರಲ್ಲಿ ಯಾವುದು ನೋಯುತ್ತಿದ್ದರೂ ಹೆಂಗಸು ಹೇಳುವುದು ಒಂದೇ ಮಾತು. ಕೇಳುವವರು ಅಷ್ಟಕ್ಕೇ ನಿಂತರೆ ಕೆಲಸ ಕೆಡುತ್ತದೆ.

ರೋಗಿಯ ಕೈಯೇ ಎಷ್ಟೋ ಸಲ ಹೇಳಿಬಿಡುತ್ತದಂತೆ. ಹೆಬ್ಬೆರಳು ಹಿಂದೆ, ಉಳಿದ ಬೆರಳು ಮುಂದೆ ಇಟ್ಟು ಸೊಂಟದ ಪಕ್ಕವನ್ನು ಬಾಚಿ ಹಿಡಿದು ತೋರಿಸಿದರೆ ಸೊಂಟದ ಕೀಲಿನ ಮೇಲೆ ಸಂಶಯ. ಹಿಂದುಗಡೆ, ಪೃಷ್ಠದ ಮೇಲಿನ ಗುಳಿಯ ಹತ್ತಿರ ಒಂದೇ ಬೆರಳಿಟ್ಟು "ಇಲ್ಲೇ" ಎಂದರೆ ಕಟಿಯ ಕೀಲಿನ ಮೇಲೆ. ಮೊಣಕಾಲಿನ ಕೆಳಗೂ ಇಳಿದು ಪಾದದವರೆಗೆ ಮಿಂಚಿನಂತೆ ಹರಿದು ಜೋಮು ಹಿಡಿಸುವುದಾದರೆ ನರದ ಮೇಲೆ. ಆ ಪಕ್ಕಕ್ಕೆ ಮಲಗಿದರೆ ನಿದ್ದೆ ಕೆಡಿಸುವ ನೋವಾದರೆ ಪೃಷ್ಠದ ಹುರಿಗಳ ಮೇಲೆ. ನಲವತ್ತು ದಾಟಿದ ಹೆಂಗಸರಲ್ಲಿ ಈ ಕೊನೆಯದು ಬಹಳ. ಆದರೆ ಇವೆಲ್ಲ ಸಂಶಯಗಳು ಮಾತ್ರ, ತೀರ್ಪಲ್ಲ. ಸೊಂಟದ ಕೀಲಿನ ನೋವು ಪೃಷ್ಠದಲ್ಲೂ ಕಾಣಿಸಿಕೊಳ್ಳುತ್ತದೆ, ಬೆನ್ನಿನ ನೋವು ತೊಡೆಸಂದಿಗೂ ಬರಬಹುದು. ಸೊಂಟದ ಕೀಲು ಸವೆದವರು ಮೊಣಕಾಲು ಹಿಡಿದುಕೊಂಡು ಬರುವುದೂ ಉಂಟು. ಎರಡೂ ಕೀಲುಗಳಿಗೆ ಹೋಗುವ ನರಗಳು ಕೆಲವು ಒಂದೇ ಆಗಿರುವುದರಿಂದ ಮೆದುಳಿಗೆ ವಿಳಾಸ ತಪ್ಪುತ್ತದೆ.

ಸಂಶಯ, ಪರೀಕ್ಷೆ, ಮತ್ತೆ ಸಂಶಯ

ಫಿಸಿಯೋಥೆರಪಿಯವರು ತಮ್ಮ ಓದಿನಲ್ಲಿ ಇದನ್ನೇ ಒಂದು ವಿಷಯವಾಗಿ ಕಲಿಯುತ್ತಾರೆ. ರೋಗಿ ಬಾಗಿಲಲ್ಲಿ ಕಾಲಿಡುವಾಗಿನಿಂದಲೇ ಮನಸ್ಸಿನಲ್ಲಿ ಎರಡು ಮೂರು ಸಂಶಯಗಳನ್ನು ಇಟ್ಟುಕೊಳ್ಳಬೇಕು. ಪ್ರತಿ ಪ್ರಶ್ನೆಯೂ ಅವುಗಳಲ್ಲಿ ಒಂದನ್ನು ಗಟ್ಟಿ ಮಾಡಬೇಕು, ಇಲ್ಲವೇ ಸಡಿಲ ಮಾಡಬೇಕು. ಮೊದಲು ಹೊಳೆದದ್ದನ್ನೇ ಅಪ್ಪಿಕೊಂಡು ಕೂರಬಾರದು. ಆಸ್ಟ್ರೇಲಿಯಾದ ಜೆಫ್ರಿ ಮೈಟ್‌ಲ್ಯಾಂಡ್ ಎಂಬ ಫಿಸಿಯೋಥೆರಪಿಸ್ಟ್ ಕಳೆದ ಶತಮಾನದಲ್ಲಿ ಇದಕ್ಕೊಂದು ಶಿಸ್ತು ಕೊಟ್ಟರು. ರೋಗಿಯ ನೋವನ್ನು ಎಬ್ಬಿಸುವ ಒಂದು ಚಲನೆಯನ್ನು ಹುಡುಕು, ಸ್ವಲ್ಪ ಚಿಕಿತ್ಸೆ ಕೊಡು, ಅದೇ ಚಲನೆಯನ್ನು ಮತ್ತೆ ನೋಡು. ಬದಲಾವಣೆ ಇಲ್ಲದಿದ್ದರೆ ನಿನ್ನ ಎಣಿಕೆ ತಪ್ಪಿರಬಹುದು. ಅನ್ನ ಬೆಂದಿದೆಯೇ ಎಂದು ಅಗುಳು ಹಿಚುಕಿ ನೋಡುವ ನಮಗೆ ಇದೇನೂ ಹೊಸದಲ್ಲ. ಆದರೆ ಆಸ್ಪತ್ರೆಗಳಲ್ಲಿ ಅಗುಳು ಹಿಚುಕುವವರು ಕಡಿಮೆ.

ಇನ್ನೊಂದು ಕಥೆಯನ್ನೂ ಅವರು ಹೇಳಿದರು. 1956ರಲ್ಲಿ ನ್ಯೂಝಿಲೆಂಡಿನ ವೆಲಿಂಗ್ಟನ್‌ನಲ್ಲಿ ರಾಬಿನ್ ಮೆಕೆಂಝಿ ಎಂಬವರ ಬಳಿ ಬೆನ್ನಿನಿಂದ ಮೊಣಕಾಲಿನವರೆಗೆ ನೋವಿದ್ದ ಒಬ್ಬ ರೋಗಿ ಬರುತ್ತಿದ್ದ. ಮೂರು ವಾರವಾದರೂ ಗುಣವಿಲ್ಲ. ಒಂದು ದಿನ ಒಳಗೆ ಹೋಗಿ ಬೋರಲು ಮಲಗಿರು ಎಂದರು. ಹಿಂದಿನ ರೋಗಿಗೆಂದು ಮಂಚದ ತಲೆಭಾಗವನ್ನು ಎತ್ತಿಟ್ಟದ್ದು ಹಾಗೆಯೇ ಉಳಿದಿತ್ತು. ಆತ ಬೆನ್ನು ಹಿಂದಕ್ಕೆ ಬಾಗಿದ ಸ್ಥಿತಿಯಲ್ಲೇ ಐದು ನಿಮಿಷ ಮಲಗಿದ. ಆಗಿನ ಕಾಲಕ್ಕೆ ಇದು ಅಪಾಯವೆಂದು ಎಣಿಸಲಾಗುತ್ತಿತ್ತು. ಮೆಕೆಂಝಿ ಗಾಬರಿಯಿಂದ ಬಂದು ಕೇಳಿದರೆ, ಕಾಲಿನ ನೋವು ಹೋಗಿದೆ ಎಂದನಂತೆ ಆತ! ಯಾವ ಚಲನೆಗೆ ನೋವು ಕಾಲಿನಿಂದ ಬೆನ್ನಿನ ಕಡೆಗೆ ಹಿಂದಿರುಗುತ್ತದೆ, ಯಾವುದಕ್ಕೆ ಕೆಳಗಿಳಿಯುತ್ತದೆ ಎಂದು ನೋಡುವ ಒಂದು ಪದ್ಧತಿಯೇ ಆಮೇಲೆ ಬೆಳೆಯಿತು.

ಖಾಲಾನ ವಿಷಯಕ್ಕೆ ಬರುತ್ತೇನೆ. ಪ್ರಶ್ನೆಗಳು ನನಗೆ ಮೊದಲಿಗೆ ಅಸಂಬದ್ಧವೆನಿಸಿದವು. ಕಾಲಿನ ಉಗುರು ಕತ್ತರಿಸಲು ಆಗುತ್ತದೆಯೇ? "ಬಲಗಾಲಿಂದು ಆಗೂದಿಲ್ಲ ರೀ, ಮೊಮ್ಮಗಳು ತಗೀತಾಳ." ಬಸ್ ಹತ್ತುವಾಗ ಯಾವ ಕಾಲು ಮೊದಲಿಡುತ್ತೀರಿ? ಬೆಳಿಗ್ಗೆ ಎದ್ದ ಮೇಲೆ ಎಷ್ಟು ಹೊತ್ತು ಬಿಗಿ ಇರುತ್ತದೆ? ಕೆಮ್ಮಿದರೆ, ಸೀನಿದರೆ ಕಾಲಿಗೆ ನೋವು ಹರಿಯುತ್ತದೆಯೇ? ಎರಡೂ ನೋವು ಒಟ್ಟಿಗೆ ಬರುತ್ತವೆಯೇ, ಬೇರೆ ಬೇರೆಯೇ? ಈ ಕೊನೆಯ ಪ್ರಶ್ನೆಗೆ ಖಾಲಾ ಯೋಚಿಸಿ ಹೇಳಿದರು: ಹೊಲದಿಂದ ಬಂದ ಸಂಜೆ ಹಿಂದಿನ ನೋವು, ಕೂತು ಏಳುವಾಗ ಮುಂದಿನ ನೋವು. ಅಂದರೆ ನೋವು ಎರಡಿದ್ದವು. ಒಂದೆಂದು ತಿಳಿದು ನಾಲ್ಕು ವರ್ಷ ಮದ್ದು ಕುಡಿದಿದ್ದರು.

ಆಮೇಲೆ ಆಕೆ, ಮುಸ್ಲಿಮಳಲ್ಲದಿದ್ದರೂ, ಹೀಗೆಂದರು: "ನೀವು ನಮಾಝ್ ಹೆಂಗ ಮಾಡ್ತಿದ್ರಿ, ತೋರಸ್ರಿ. ನೋವಾದಲ್ಲೆ ನಿಲ್ಲಸ್ರಿ." ಎರಡು ವರ್ಷದಿಂದ ಖಾಲಾ ಕುರ್ಚಿಯ ಮೇಲೆ ನಮಾಝ್ ಮಾಡುತ್ತಿದ್ದರು. ಬಗ್ಗಿದರೆ ಡಿಸ್ಕ್ ಜಾರುತ್ತದೆ ಎಂಬ ಭಯ. ಅನಾರೋಗ್ಯವಿದ್ದವರು ಕೂತು, ಅದೂ ಆಗದಿದ್ದರೆ ಮಲಗಿಯೂ ನಮಾಝ್ ಮಾಡಬಹುದೆಂಬ ರಿಯಾಯಿತಿ ನಮಗೆಲ್ಲ ಗೊತ್ತಿರುವುದೇ. ಆದರೆ ಆ ಕುರ್ಚಿ ಖಾಲಾನ ಮನಸ್ಸಿಗೆ ಬಹಳ ಭಾರವಾಗಿತ್ತು.

ರುಕೂವಿನಲ್ಲಿ ಬಗ್ಗಿದಾಗ ಬೆನ್ನು ಸ್ವಲ್ಪ ಬಿಗಿಯಿತು, ಅಷ್ಟೇ. ಸುಜೂದ್‌ಗೆ ಹೋಗುವಾಗ ಬಲಗಡೆಯ ಸೊಂಟ ಅರ್ಧಕ್ಕೆ ನಿಂತಿತು. ಇಡೀ ದೇಹ ಎಡಕ್ಕೆ ವಾಲಿ, ಉಳಿದ ಬಾಗುವಿಕೆಯನ್ನು ಬೆನ್ನು ಮಾಡಿಕೊಟ್ಟಿತು. ಕೂರುವಾಗ ನಮ್ಮ ಹೆಂಗಸರು ಎರಡೂ ಪಾದಗಳನ್ನು ಬಲಕ್ಕೆ ಚಾಚಿ, ಎಡಭಾಗದ ಮೇಲೆ ಕೂರುತ್ತಾರಲ್ಲ, ಆಗ ಖಾಲಾ "ಯಾ ಅಲ್ಲಾಹ್" ಎಂದು ತೊಡೆಸಂದು ಹಿಡಿದುಕೊಂಡರು. ಹಾಗೆ ಕೂತಾಗ ಬಲತೊಡೆ ಕೀಲಿನಲ್ಲಿ ಒಳಕ್ಕೆ ತಿರುಗುತ್ತದೆ. ಕೀಲು ಸವೆಯುವಾಗ ಸಾಮಾನ್ಯವಾಗಿ ಎಲ್ಲಕ್ಕಿಂತ ಮೊದಲು ಕಡಿಮೆಯಾಗುವ ಚಲನೆ ಇದೇ ಎಂದು ಆಮೇಲೆ ಅವರು ವಿವರಿಸಿದರು.

ಮಂಚದ ಮೇಲೆ ಮಲಗಿಸಿ ನೋಡಿದರು. ಮೈಮೇಲೆ ಚಾದರ ಹೊದಿಸಿಯೇ ಎಲ್ಲ ಪರೀಕ್ಷೆ. ಕಾಲನ್ನು ನೇರವಾಗಿ ಎತ್ತಿದರು, ನರದ ನೋವಿಲ್ಲ. ಹೆಬ್ಬೆರಳಿನ ಬಲ, ಪಾದದ ಸ್ಪರ್ಶ ಸರಿಯಿದ್ದವು. ಕಟಿಯ ಕೀಲುಗಳನ್ನು ಬೇರೆ ಬೇರೆ ಬಗೆಯಲ್ಲಿ ಒತ್ತಿ ನೋಡಿದರು. ಇಲ್ಲಿ ಒಂದು ಪರೀಕ್ಷೆಯನ್ನು ನಂಬುವಂತಿಲ್ಲ, ಮೂರಾದರೂ ಒಂದೇ ಮಾತು ಹೇಳಬೇಕಂತೆ. ಅವು ಹೇಳಲಿಲ್ಲ. ಮೊಣಕಾಲು ಮಡಚಿ ಬಲತೊಡೆಯನ್ನು ಒಳಕ್ಕೆ ತಿರುಗಿಸಿದಾಗ ಎಡಗಡೆಯ ಅರ್ಧದಷ್ಟೂ ತಿರುಗಲಿಲ್ಲ, ಅದೇ ತೊಡೆಸಂದಿನ ನೋವು ಎದ್ದು ಕೂತಿತು. "ಇದೇನ್ರಿ ನಿಮ್ಮ ನೋವು?" "ಇದ ರೀ, ಇದ."

ಆಕೆ ಮೂಳೆ ವೈದ್ಯರಿಗೆ ಚೀಟಿ ಬರೆದರು. ಈ ಸಲ ಬೆನ್ನಿನದ್ದಲ್ಲ, ಕಟಿಯ ಎಕ್ಸ್‌ರೇ. ಬಲಗಡೆಯ ಕೀಲಿನಲ್ಲಿ ಎಲುಬುಗಳ ನಡುವಿನ ಸಂದು ಕಿರಿದಾಗಿತ್ತು. ಸವೆತ. ನಾಲ್ಕು ವರ್ಷದಲ್ಲಿ ತೆಗೆಸಿದ ಚಿತ್ರಗಳ ಕಟ್ಟಿನಲ್ಲಿ ಆ ಕೀಲಿನ ಚಿತ್ರ ಒಂದೂ ಇರಲಿಲ್ಲ. ಬೆನ್ನಿನ ಎಂ.ಆರ್.ಐ. ಸೊಂಟದ ಕೀಲನ್ನು ನೋಡುವುದಕ್ಕಲ್ಲ.

ಹಾಗಾದರೆ ಆ ಡಿಸ್ಕ್?

ನಾನು ಕೇಳಿಯೇ ಬಿಟ್ಟೆ. ಅದು ಸುಳ್ಳೇ? ಸುಳ್ಳಲ್ಲ, ಆದರೆ ಅದೇ ಕಳ್ಳ ಎನ್ನಲು ಸಾಕ್ಷಿ ಸಾಲದು ಎಂದರು. 1994ರಲ್ಲಿ ಅಮೆರಿಕದಲ್ಲಿ ಬೆನ್ನು ನೋವೇ ಇಲ್ಲದ 98 ಮಂದಿಯ ಎಂ.ಆರ್.ಐ. ತೆಗೆದು ನೋಡಿದರು. ಅರ್ಧಕ್ಕಿಂತ ಹೆಚ್ಚು ಜನರಲ್ಲಿ ಒಂದಾದರೂ ಡಿಸ್ಕ್ ಉಬ್ಬಿತ್ತು. ಎಲ್ಲ ಡಿಸ್ಕ್‌ಗಳೂ ಸರಿಯಾಗಿದ್ದವರು 100ಕ್ಕೆ 36 ಜನ ಮಾತ್ರ. 2015ರಲ್ಲಿ ನೋವಿಲ್ಲದ 3,110 ಜನರ ಚಿತ್ರಗಳ ಲೆಕ್ಕ ಒಟ್ಟು ಹಾಕಿದಾಗ, ಇಪ್ಪತ್ತರ ವಯಸ್ಸಿನವರಲ್ಲೇ 100ಕ್ಕೆ 37 ಜನರಿಗೆ ಡಿಸ್ಕ್ ಸವೆತ ಕಂಡಿತು, ಎಂಬತ್ತರವರಲ್ಲಿ 96 ಜನರಿಗೆ. ತಲೆಗೂದಲು ನೆರೆತಂತೆ ಇದೂ. ನೆರೆತ ಕೂದಲಿಗೆ ಯಾರೂ ಆಪರೇಶನ್ ಮಾಡಿಸುವುದಿಲ್ಲ. ಹಾಗೆಂದು ಡಿಸ್ಕ್ ನಿಜವಾಗಿಯೇ ನರವನ್ನು ಒತ್ತಿ ಕಾಲಿನ ಬಲ ಕುಗ್ಗುತ್ತಿದ್ದರೆ ಆ ಮಾತು ಬೇರೆ, ಅಲ್ಲಿ ಶಸ್ತ್ರವೈದ್ಯರು ಬೇಕೇ ಬೇಕು.

ಡಿಸ್ಕ್ "ಜಾರಿದೆ" ಎಂಬ ಮಾತು ಎಷ್ಟು ಕುಟುಂಬಗಳ ನಿದ್ದೆ ಕೆಡಿಸಿದೆಯೋ! ಡಿಸ್ಕ್ ಸಾಬೂನಿನಂತೆ ಜಾರುವ ವಸ್ತುವಲ್ಲ, ಮೇಲಿನ ಕೆಳಗಿನ ಮಣಿಗಳಿಗೆ ಬಿಗಿಯಾಗಿ ಅಂಟಿಕೊಂಡಿರುತ್ತದೆ. ಉಬ್ಬಬಹುದು, ಒಡೆಯಬಹುದು, ಎಷ್ಟೋ ಸಲ ತಾನಾಗಿ ಕುಗ್ಗಲೂಬಹುದು. ಖಾಲಾನಿಗೆ ನೋವಿಗಿಂತ ಹೆಚ್ಚು ಹಾನಿ ಮಾಡಿದ್ದು ಆ ಶಬ್ದವೇ ಎಂದು ನನ್ನ ಎಣಿಕೆ. ಬಗ್ಗಲು ಹೆದರಿದರು, ನಡೆಯಲು ಹೆದರಿದರು, ಕೂತಲ್ಲೇ ಕೂತು ಮೈ ಭಾರವಾಯಿತು, ಸ್ನಾಯು ಸೊರಗಿತು, ನೋವು ಇನ್ನೂ ಹೆಚ್ಚಿತು.

ಬೆನ್ನು ಮತ್ತು ಸೊಂಟದ ಕೀಲು ಒಟ್ಟೊಟ್ಟಿಗೆ ನೋಯುವ ಈ ಗೋಜಲನ್ನು 1983ರಲ್ಲೇ ಕೆನಡಾದ ಆಫಿಯರ್ಸ್ಕಿ ಮತ್ತು ಮೆಕ್‌ನ್ಯಾಬ್ ಎಂಬ ವೈದ್ಯರು ಹೆಸರಿಟ್ಟು ವಿವರಿಸಿದ್ದರು. ಕೀಲು ಬಿಗಿಯಾದರೆ ಅದು ಮಾಡಬೇಕಾದ ಕೆಲಸ ಬೆನ್ನಿನ ಮೇಲೆ ಬೀಳುತ್ತದೆ. ಅತ್ತೆ ಮಲಗಿದರೆ ಸೊಸೆಗೆ ಎರಡು ಪಾಲು ಕೆಲಸವಾದಂತೆ. ಸೊಸೆ ದಣಿದು ನರಳಿದಾಗ ಸೊಸೆಗೇ ಮದ್ದು ಕುಡಿಸುತ್ತಿದ್ದರೆ ಮನೆಯ ಕೆಲಸ ಹಗುರವಾಗುವುದೇ? ಹಾಗಂತ ಎಲ್ಲರಲ್ಲೂ ಕೀಲೇ ಮೂಲವೆಂದು ಹೇಳಲಾಗದು. ಕೆಲವರಲ್ಲಿ ಬೆನ್ನಿನದೇ ದೊಡ್ಡ ಪಾಲು. ಯಾವುದು ಎಷ್ಟು ಎಂದು ಅಳೆಯುವುದೇ ಇಲ್ಲಿ ಕಷ್ಟದ ಕೆಲಸ.

ಕೋಲು ಯಾವ ಕೈಗೆ, ಕೊಡ ಯಾವ ಕೈಗೆ?

ಚಿಕಿತ್ಸೆ ಶುರುವಾಯಿತು. ಅಲ್ಲೂ ಅಗುಳು ಹಿಚುಕುವುದೇ. ಕೀಲನ್ನು ಕೈಯಿಂದ ಮೆಲ್ಲಗೆ ಸಡಿಲಿಸಿದ ಮೇಲೆ ಮತ್ತೆ ವುಝೂಗೆ ಕೂರುವಂತೆ ಕೂರಿಸಿ ಬಲಪಾದ ಮುಟ್ಟಿಸಿದರು. ಮೊದಲು ಕಣಕಾಲಿನ ಮೇಲೆ ನಿಂತಿದ್ದ ಬೆರಳು ಇನ್ನೊಂದಿಷ್ಟು ಕೆಳಗಿಳಿಯಿತು. "ನೋಡ್ರಿ, ನಮ್ಮ ಹಾದಿ ಖರೇ ಐತಿ" ಎಂದರು. ಅಷ್ಟು ಸಾಕಾಗಿತ್ತು ಖಾಲಾನಿಗೆ.

ಮನೆಗೆ ಕೊಟ್ಟ ವ್ಯಾಯಾಮಗಳು ಮೂರೇ. ಅಂಗಾತ ಮಲಗಿ ಮೊಣಕಾಲು ಮಡಚಿ ಸೊಂಟ ಎತ್ತುವುದು. ಎತ್ತರದ ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು. ಗೋಡೆ ಹಿಡಿದು ನಿಂತು ಕಾಲನ್ನು ಪಕ್ಕಕ್ಕೆ ಎತ್ತುವುದು. ಮೊದಲು ಎಂಟೆಂಟು ಸಲ, ವಾರಕ್ಕೊಮ್ಮೆ ಸ್ವಲ್ಪ ಹೆಚ್ಚು. ವ್ಯಾಯಾಮದ ಹೊತ್ತಿಗೆ ಸ್ವಲ್ಪ ನೋವಾದರೆ ಹೆದರಬೇಡಿ, ಮರುದಿನ ಬೆಳಿಗ್ಗೆಯೂ ಅದು ಹೆಚ್ಚೇ ಇದ್ದರೆ ಎಣಿಕೆ ಇಳಿಸಿ ಎಂದರು. ಇದು ಖಾಲಾನಿಗೆ ಹೇಳಿದ್ದು. ಓದಿದ ಕೂಡಲೇ ನೀವೂ ಮಾಡತೊಡಗಬೇಡಿ, ನಿಮ್ಮ ನೋವು ಬೇರೆ ಇರಬಹುದು.

ನನಗೆ ಬಹಳ ಹಿಡಿಸಿದ್ದು ಕೋಲಿನ ಲೆಕ್ಕ. ನಡೆಯುವಾಗ ಒಂದು ಕಾಲಿನ ಮೇಲೆ ನಿಲ್ಲುವ ಕ್ಷಣದಲ್ಲಿ ಆ ಸೊಂಟದ ಕೀಲಿನ ಮೇಲೆ ಮೈತೂಕದ ಸುಮಾರು ಎರಡೂವರೆ ಪಟ್ಟು ಭಾರ ಬೀಳುತ್ತದೆ. ದೇಹ ಇನ್ನೊಂದು ಕಡೆಗೆ ಬೀಳದಂತೆ ಪಕ್ಕದ ಸ್ನಾಯು ಬಿಗಿಯಾಗಿ ಎಳೆದು ಹಿಡಿಯುವುದೇ ಇದಕ್ಕೆ ಕಾರಣ. ತಕ್ಕಡಿಯಂತೆ. ಆದ್ದರಿಂದ ನೋಯುವುದು ಬಲಗಾಲಾದರೆ ಕೋಲು ಎಡಗೈಯಲ್ಲಿರಬೇಕು. ಆಗ ಸ್ನಾಯುವಿನ ಎಳೆತ ಕಡಿಮೆಯಾಗುತ್ತದೆ. ನಾವೆಲ್ಲ ನೋಯುವ ಕಡೆಗೇ ಕೋಲು ಹಿಡಿಯುತ್ತೇವೆ! ಕೊಡಕ್ಕೆ ಮಾತ್ರ ಲೆಕ್ಕ ತಿರುವುಮುರುವು. ಬಿಂದಿಗೆಯನ್ನೋ ಚೀಲವನ್ನೋ ಹಿಡಿಯಲೇಬೇಕಾದರೆ ನೋಯುವ ಕಡೆಯ ಕೈಯಲ್ಲೇ ಹಿಡಿಯಿರಿ, ಆಚೆ ಕೈಯಲ್ಲಿ ಹಿಡಿದರೆ ನೋಯುವ ಕೀಲಿಗೆ ಹೊರೆ ಹೆಚ್ಚುತ್ತದೆ. ಭಾರವಿದ್ದರೆ ಅರ್ಧರ್ಧ ಮಾಡಿ ಎರಡು ಸಲ ತನ್ನಿ. ಖಾಲಾ ಇದನ್ನು ನಂಬಲಿಲ್ಲ. ಎರಡೂ ಕೈಯಲ್ಲಿ ಹಿಡಿದು ನಡೆದು ನೋಡಿದ ಮೇಲೆ ನಂಬಿದರು.

ಬೆಲ್ಟ್ ಬಿಡಿ ಎಂದರು. ವಿಶ್ವ ಆರೋಗ್ಯ ಸಂಸ್ಥೆ 2023ರ ಡಿಸೆಂಬರ್‌ನಲ್ಲಿ ದೀರ್ಘಕಾಲದ ಬೆನ್ನು ನೋವಿಗೆಂದೇ ಒಂದು ಮಾರ್ಗದರ್ಶಿ ಹೊರಡಿಸಿತು. ರೋಗಿಗೆ ಸರಿಯಾದ ತಿಳಿವಳಿಕೆ ಕೊಡುವುದು, ವ್ಯಾಯಾಮ, ಮನಸ್ಸಿನ ಭಯ ಕಳೆಯುವ ಚಿಕಿತ್ಸೆ ಇವನ್ನು ಅದು ಮುಂದಿಟ್ಟಿತು. ಸೊಂಟದ ಬೆಲ್ಟ್, ಟ್ರ್ಯಾಕ್ಷನ್‌ನಂತಹವುಗಳನ್ನು ವಾಡಿಕೆಯಾಗಿ ಕೊಡಬಾರದೆಂದಿತು. 2020ರಲ್ಲಿ ಜಗತ್ತಿನಲ್ಲಿ 61.9 ಕೋಟಿ ಜನರಿಗೆ ಬೆನ್ನು ನೋವಿತ್ತು, 2050ರ ಹೊತ್ತಿಗೆ ಅದು 84.3 ಕೋಟಿಯಾಗಬಹುದೆಂದು ಅಂದಾಜು. ಗಂಡಸರಿಗಿಂತ ಹೆಂಗಸರಲ್ಲಿ ಇದು ಹೆಚ್ಚು.

ಪಕ್ಕದ ಹುರಿಗಳ ನೋವಿನ ಬಗ್ಗೆಯೂ ಒಂದು ಒಳ್ಳೆಯ ಅಧ್ಯಯನವಿದೆ. 2018ರಲ್ಲಿ ಆಸ್ಟ್ರೇಲಿಯಾದಲ್ಲಿ 204 ಜನರನ್ನು ಮೂರು ಗುಂಪು ಮಾಡಿ, ಒಂದಕ್ಕೆ ತಿಳಿವಳಿಕೆ ಮತ್ತು ವ್ಯಾಯಾಮ, ಇನ್ನೊಂದಕ್ಕೆ ಸ್ಟೀರಾಯ್ಡ್ ಚುಚ್ಚುಮದ್ದು, ಮೂರನೆಯದಕ್ಕೆ ಸುಮ್ಮನೆ ಕಾಯುವಂತೆ ಹೇಳಿದರು. ಎಂಟು ವಾರದಲ್ಲಿ ಗುಣ ಕಂಡವರು 100ಕ್ಕೆ ಕ್ರಮವಾಗಿ ಸುಮಾರು 77, 58 ಮತ್ತು 29. ಚುಚ್ಚುಮದ್ದನ್ನು ಕೇಳಿ ಪಡೆಯುವ ನಮ್ಮ ಹೆಂಗಸರು ಇದನ್ನು ಗಮನಿಸಬೇಕು.

ಕಾಯಬಾರದ ನೋವುಗಳು

ಪರೀಕ್ಷೆಯ ಮೊದಲೇ ಅವರು ಬೇರೆ ಕೆಲವು ಪ್ರಶ್ನೆ ಕೇಳಿ ಮುಗಿಸಿದ್ದರು. ಅವುಗಳಲ್ಲಿ ಒಂದಕ್ಕೆ ಹೌದೆಂದಿದ್ದರೂ ವ್ಯಾಯಾಮದ ಮಾತೇ ಇರುತ್ತಿರಲಿಲ್ಲ, ನೇರ ವೈದ್ಯರ ಬಳಿಗೆ ಕಳಿಸುತ್ತಿದ್ದರು. ಮೂತ್ರ ಕಟ್ಟಿದೆಯೇ, ತಿಳಿಯದೆ ಹೋಗುತ್ತದೆಯೇ? ಕೂರುವ ಜಾಗದಲ್ಲಿ, ಗುಪ್ತಾಂಗದ ಸುತ್ತ ಸ್ಪರ್ಶ ತಪ್ಪಿದೆಯೇ? ಇದಾದರೆ ಅದೇ ದಿನ, ರಾತ್ರಿಯಾದರೂ ಸರಿ, ದೊಡ್ಡ ಆಸ್ಪತ್ರೆಗೆ ಓಡಬೇಕು. ನಾಚಿಕೆಯಿಂದ ಮುಚ್ಚಿಟ್ಟರೆ ಜೀವಮಾನದ ತೊಂದರೆ. ಪಾದ ಎತ್ತಲಾಗದೆ ಎಳೆಯುತ್ತಿದೆಯೇ? ಸಂಜೆ ಜ್ವರ, ತೂಕ ಇಳಿಯುವುದು, ಮಲಗಿದರೂ ಬಿಡದ ರಾತ್ರಿಯ ನೋವು ಇದೆಯೇ? ಹಿಂದೆ ಕ್ಯಾನ್ಸರ್ ಆಗಿತ್ತೇ? ಜಗತ್ತಿನ ಕ್ಷಯ ರೋಗಿಗಳಲ್ಲಿ ಸುಮಾರು ಕಾಲು ಭಾಗ ನಮ್ಮ ದೇಶದಲ್ಲೇ ಇದ್ದಾರೆ, ಕ್ಷಯ ಬೆನ್ನೆಲುಬಿಗೂ ಬರುತ್ತದೆ. ವಯಸ್ಸಾದವರು ಸಣ್ಣಗೆ ಜಾರಿ ಬಿದ್ದ ಮೇಲೆ ತೊಡೆಸಂದು ನೋಯುತ್ತಿದ್ದರೆ, ನಡೆಯುತ್ತಿದ್ದಾರಲ್ಲ ಎಂದು ಸುಮ್ಮನಿರಬಾರದು, ಎಲುಬು ಬಿರುಕು ಬಿಟ್ಟಿರಬಹುದು.

ಸ್ಟೀರಾಯ್ಡ್ ಮಾತ್ರೆಗಳನ್ನು ಬಹಳ ದಿನ ತೆಗೆದುಕೊಂಡವರಲ್ಲಿ ಸೊಂಟದ ಎಲುಬಿನ ಗುಂಡಿಗೆ ರಕ್ತ ಸಾಲದೆ ಅದು ಕುಸಿಯುವುದುಂಟು. ಕೊರೋನಾಕ್ಕೆ ಸ್ಟೀರಾಯ್ಡ್ ಪಡೆದ ಕೆಲವರಲ್ಲಿ ಹೀಗಾದದ್ದನ್ನು 2021ರಲ್ಲಿ ಮುಂಬೈಯ ವೈದ್ಯರು ವರದಿ ಮಾಡಿದ್ದರು. ಸಂತೆಯಲ್ಲಿ, ಬಸ್‌ಸ್ಟ್ಯಾಂಡ್ ಬದಿಯಲ್ಲಿ ಸಿಗುವ ಹೆಸರಿಲ್ಲದ ನೋವಿನ ಪುಡಿಗಳಲ್ಲೂ ಸ್ಟೀರಾಯ್ಡ್ ಬೆರೆತಿರಬಹುದು. ಕುಡಿದ ಕೂಡಲೇ ಚಮತ್ಕಾರದಂತೆ ನೋವು ಹೋದರೆ ಸಂಶಯಪಡಿ.

ಇನ್ನೊಂದು, ನಮ್ಮ ಮನೆಗಳಿಗೆ ಬಹಳ ಹತ್ತಿರದ್ದು. ಬಿಸಿಲು ಮೈಗೆ ಬೀಳದೆ ವಿಟಮಿನ್ ಡಿ ತೀರಾ ಕಡಿಮೆಯಾದರೆ ಎಲುಬು ಮೆತ್ತಗಾಗುತ್ತದೆ. ಮೈಯೆಲ್ಲ ನೋವು, ನೆಲದಿಂದ ಏಳಲು ಕಷ್ಟ, ಬಾತುಕೋಳಿಯಂತೆ ವಾಲುವ ನಡಿಗೆ. ಒಂದರ ಹಿಂದೊಂದು ಹೆರಿಗೆ, ಎದೆಹಾಲು, ಒಳಗೇ ಇರುವ ಬದುಕು ಇವೆಲ್ಲ ಕೂಡಿದಾಗ ಇದು ಹೆಚ್ಚು. ರಕ್ತ ಪರೀಕ್ಷೆಯಿಂದ ತಿಳಿಯುತ್ತದೆ, ಮದ್ದೂ ಸುಲಭ. ಮಾಳಿಗೆಯ ಮೇಲೋ ಹಿತ್ತಲಲ್ಲೋ ಯಾರ ಕಣ್ಣಿಗೂ ಬೀಳದೆ ಕೈಕಾಲಿಗೆ ಬಿಸಿಲು ಬೀಳುವಂತೆ ಕೂರುವುದಕ್ಕೆ ಪರ್ದಾ ಅಡ್ಡಿಯಲ್ಲ.

ಹೇಳುವ ಹಕ್ಕು, ಕೇಳುವ ಹಕ್ಕು

ಹೆಂಗಸು ಫಿಸಿಯೋಥೆರಪಿಸ್ಟ್ ಬೇಕೆಂದು ಕೇಳಲು ಯಾರೂ ಹಿಂಜರಿಯಬೇಕಿಲ್ಲ. ಬೆಳಗಾವಿಯಲ್ಲೇ ಕೆ.ಎಲ್.ಇ. ಸಂಸ್ಥೆಯ ಫಿಸಿಯೋಥೆರಪಿ ಕಾಲೇಜಿದೆ, ರಾಜ್ಯದಲ್ಲಿ ಇಂಥ ಕಾಲೇಜುಗಳು ಬೇಕಾದಷ್ಟಿವೆ, ಕಲಿಯುವವರಲ್ಲಿ ಹೆಣ್ಣುಮಕ್ಕಳು ಬಹಳ. ನಮ್ಮ ಹುಡುಗಿಯರೂ ಓದುತ್ತಿದ್ದಾರೆ. 2021ರಲ್ಲಿ ಸಂಸತ್ತು ಮಾಡಿದ ಕಾಯ್ದೆಯಿಂದ ಈ ವೃತ್ತಿಗೆ ರಾಷ್ಟ್ರೀಯ ಆಯೋಗದ ಚೌಕಟ್ಟೂ ಬಂದಿದೆ. ಗಂಡಸರೇ ಇದ್ದರೂ ಜೊತೆಗೊಬ್ಬಳು ಹೆಂಗಸು ನಿಂತಿರಲಿ ಎಂದು ಹೇಳಬಹುದು. ಬಾಯಲ್ಲಿ ಹೇಳಲಾಗದಿದ್ದರೆ ಕಾಗದದ ಮೇಲೆ ಮನುಷ್ಯಾಕೃತಿ ಬರೆದು ನೋಯುವಲ್ಲಿ ಗೆರೆ ಎಳೆದುಕೊಂಡು ಹೋಗಿ. ಮತ್ತು ಜೊತೆಗೆ ಹೋಗುವ ಗಂಡುಮಕ್ಕಳೇ, ವೈದ್ಯರು ನೋವಿನ ಜಾಗ ಕೇಳಿದಾಗ ಅಮ್ಮನ ಪರವಾಗಿ ನೀವು ಉತ್ತರಿಸಬೇಡಿ. ಸ್ವಲ್ಪ ಹೊತ್ತು ಹೊರಗೆ ಕೂರಿ.

ಖಾಲಾ ಬೆಳಗಾವಿಗೆ ಹೋದದ್ದು ಒಟ್ಟು ಐದು ಸಲ. ಉಳಿದದ್ದೆಲ್ಲ ಮನೆಯಲ್ಲೇ, ಮೊಮ್ಮಗಳು ಎಣಿಸುತ್ತ. ಮೂರು ತಿಂಗಳಲ್ಲಿ ಬೆನ್ನಿನ ನೋವು ಹೆಚ್ಚು ಕಡಿಮೆ ಮರೆತೇ ಹೋಯಿತು. ಬಳೆಗಳು ಒತ್ತೆಗೆ ಹೋಗಲಿಲ್ಲ. ಸೊಂಟದ ನೋವು ಹೋಗಿಲ್ಲ, ಸವೆದ ಕೀಲು ಮತ್ತೆ ಹೊಸದಾಗುವುದಿಲ್ಲವೆಂದು ಫಿಸಿಯೋಥೆರಪಿಸ್ಟ್ ಮೊದಲ ದಿನವೇ ಹೇಳಿದ್ದರು. ಎಂದಾದರೂ ಒಂದು ದಿನ ಕೀಲು ಬದಲಿಸುವ ಆಪರೇಶನ್ ಬೇಕಾಗಲೂಬಹುದು. ಆಗ ಸರಿಯಾದ ಜಾಗಕ್ಕೇ ಆಗುತ್ತದಲ್ಲ ಎಂದು ಖಾಲಾ ನಗುತ್ತಾರೆ. ಸುಜೂದ್ ಈಗ ನೆಲದ ಮೇಲೆಯೇ. ಕೂರುವಾಗ ಮಾತ್ರ ಕಾಲನ್ನು ಬಲಕ್ಕೆ ಚಾಚಲಾಗದು, ಆಲಿಮಾ ಒಬ್ಬರನ್ನು ಕೇಳಿ ತಮಗೆ ಆಗುವಂತೆ ಕೂರುತ್ತಾರೆ.

ಕಳೆದ ಈದ್‌ಗೆ ದಡ್ಡಿಗೆ ಹೋದಾಗ ಒಂದು ಎಮ್ಮೆ ಮತ್ತೆ ಬಂದಿತ್ತು. ಹಿಂಡುವುದು ಸೊಸೆ, ಮೇವು ಹಾಕುವುದು ಖಾಲಾ. ಸಾವಿರಾರು ರೂಪಾಯಿಯ ಆ ಸೊಂಟದ ಬೆಲ್ಟ್ ಏನಾಯಿತು ಎಂದು ಕೇಳಿದೆ. ಅಟ್ಟದ ಕಡೆ ಕೈ ತೋರಿಸಿದರು. ಚಳಿಗಾಲದ ಕೌದಿಗಳನ್ನು ಸುರುಳಿ ಸುತ್ತಿ, ಅದರಲ್ಲೇ ಬಿಗಿಯಾಗಿ ಕಟ್ಟಿಟ್ಟಿದ್ದರು.